‘ಒಟ್ಟು ಎಷ್ಟು’ ಎಂಬುದಲ್ಲ, ‘ಎಲ್ಲಿ ಎಷ್ಟು’: ಒಳವಿಕಿರಣ ಚಿಕಿತ್ಸೆಯ ವರದಿಯನ್ನು ಅರಿಯೋಣ

ಉದಗಾಂವ: ಗರ್ಭಕೊರಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ತಾಯಿಯ ವರದಿಯನ್ನು ಹಿಡಿದು ವಿದ್ಯಾರ್ಥಿನಿಯೊಬ್ಬಳು ಈಚೆಗೆ ನನ್ನ ಬಳಿ ಬಂದಿದ್ದಳು. ವರದಿ ಇಂಗ್ಲಿಷಿನಲ್ಲಿತ್ತು, ಬಾಯಿಮಾತಿನ ವಿವರಣೆ ಮರಾಠಿಯಲ್ಲಿ ದೊರೆತಿತ್ತು. ಅವಳು ಕೇಳಿದ್ದು ಎರಡೇ ಮಾತು: ಈ ಅಂಕಿಗಳ ಅರ್ಥವೇನು? ತಮ್ಮನು ಅವ್ವನ ಬಳಿ ಮಲಗಬಹುದೇ?

ಈ ಚಿಕಿತ್ಸೆಯ ಹೆಸರು ಬ್ರಾಕಿಥೆರಪಿ. ಗಡ್ಡೆಯ ಒಳಗೆ ಅಥವಾ ಪಕ್ಕದಲ್ಲಿ ಕೊಳವೆ, ಸೂಜಿಗಳನ್ನು ಅಳವಡಿಸಿ, ಅವುಗಳ ಮೂಲಕ ಪುಟ್ಟ ವಿಕಿರಣ ಮೂಲವನ್ನು ಕಳುಹಿಸುತ್ತಾರೆ. ಹೆಚ್ಚಾಗಿ ಬಳಸುವುದು ಇರಿಡಿಯಂ-192.

ಕಬ್ಬಿನ ಹೊಲಕ್ಕೆ ನೀರು ಬಿಡುವುದನ್ನು ನೆನೆಯಿರಿ. ಕಾಲುವೆಯ ಬಾಯಲ್ಲಿ ನೀರು ನಿಂತು, ಕೊನೆಯ ಸಾಲು ಒಣಗಿದರೆ ಒಟ್ಟು ನೀರಿನ ಲೆಕ್ಕದಿಂದ ಫಲವಿಲ್ಲ. ವಿಕಿರಣವೂ ಹಾಗೆಯೇ. ಮೂಲದಿಂದ 1 ಸೆಂ.ಮೀ. ದೂರದಲ್ಲಿ 100 ಪಾಲು ಇದ್ದರೆ, 2 ಸೆಂ.ಮೀ. ದೂರದಲ್ಲಿ ಸುಮಾರು 25, 3 ಸೆಂ.ಮೀ. ದೂರದಲ್ಲಿ ಸುಮಾರು 11 ಪಾಲು ಮಾತ್ರ. ಆದುದರಿಂದ ಕೊಳವೆ ಕೆಲವೇ ಮಿಲಿಮೀಟರ್ ಸರಿದರೂ ಹಂಚಿಕೆ ಬದಲಾಗುತ್ತದೆ.

1938ರ ಮ್ಯಾಂಚೆಸ್ಟರ್ ಪದ್ಧತಿಯು ‘ಎ’ ಎಂಬ ನಿಗದಿತ ಬಿಂದುವಿನಲ್ಲಿ ಪ್ರಮಾಣವನ್ನು ಲೆಕ್ಕಹಾಕುತ್ತಿತ್ತು. ಆದರೆ ಎಲ್ಲರ ಗಡ್ಡೆಯ ಆಕಾರ ಒಂದೇ ಅಲ್ಲ. ಈಗ ಕೊಳವೆ ಅಳವಡಿಸಿದ ಬಳಿಕ ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರ ತೆಗೆದು, ಗಣಕಯಂತ್ರದಲ್ಲಿ ಹಂಚಿಕೆಯನ್ನು ಪರಿಶೀಲಿಸುತ್ತಾರೆ. ವರದಿಯಲ್ಲಿ ಎರಡು ಅಂಕಿಗಳು ಮುಖ್ಯ.

‘ಡಿ-90’ ಎಂದರೆ ಗುರಿಪ್ರದೇಶದ ಶೇ. 90 ಭಾಗಕ್ಕೆ ತಲುಪಿದ ಕನಿಷ್ಠ ಪ್ರಮಾಣ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಹೊರಗಿನ ವಿಕಿರಣವನ್ನೂ ಸೇರಿಸಿ ಇದು ಸಾಮಾನ್ಯವಾಗಿ 85 ಗ್ರೇ ಅಥವಾ ಹೆಚ್ಚು ಇರಬೇಕೆಂಬುದು ಗುರಿ. ‘ಡಿ-2 ಸಿಸಿ’ ಎಂದರೆ ಮೂತ್ರಕೋಶ, ಗುದನಾಳದಂಥ ಅಂಗಗಳಲ್ಲಿ ಅತಿ ಹೆಚ್ಚು ವಿಕಿರಣ ಪಡೆದ 2 ಘನ ಸೆಂ.ಮೀ. ಭಾಗಕ್ಕೆ ತಲುಪಿದ ಕನಿಷ್ಠ ಪ್ರಮಾಣ. ಮೊದಲನೆಯದು ಕಡಿಮೆಯಾದರೆ ರೋಗ ಉಳಿಯುವ ಭಯ. ಎರಡನೆಯದು ಮಿತಿಮೀರಿದರೆ ರಕ್ತಸ್ರಾವದಂಥ ತೊಂದರೆಯ ಭಯ. ಇವೆರಡರ ನಡುವಿನ ಸಮತೋಲನವೇ ವೈದ್ಯರ ಮತ್ತು ಭೌತವಿಜ್ಞಾನಿಗಳ ಶ್ರಮ.

ಇರಿಡಿಯಂನ ಶಕ್ತಿ ಸುಮಾರು 74 ದಿನಗಳಿಗೆ ಅರ್ಧವಾಗುತ್ತದೆ. ಆದ್ದರಿಂದ ಒಬ್ಬರಿಗೆ ಹೆಚ್ಚು ನಿಮಿಷ ಹಿಡಿದರೆ ಪ್ರಮಾಣವೂ ಹೆಚ್ಚಾಯಿತೆಂದು ಅಂಜಬೇಕಿಲ್ಲ.

ಇನ್ನು ತಮ್ಮನ ಮಾತು. ಇಂಥ ಚಿಕಿತ್ಸೆಯಲ್ಲಿ ಮೂಲವು ಯಂತ್ರದೊಳಕ್ಕೆ ಹಿಂತಿರುಗಿದೊಡನೆ ರೋಗಿಯ ದೇಹದಲ್ಲಿ ವಿಕಿರಣ ಉಳಿಯದು. ಮಗು ನಿಶ್ಚಿಂತೆಯಿಂದ ತಾಯಿಯ ಮಗ್ಗುಲಲ್ಲಿ ಮಲಗಬಹುದು. ಪ್ರಾಸ್ಟೇಟ್ ಗ್ರಂಥಿಯಲ್ಲಿ ಶಾಶ್ವತವಾಗಿ ಬಿಡುವ ಬೀಜಗಳ ವಿಷಯ ಬೇರೆ. ಅಲ್ಲಿ ವೈದ್ಯರ ಸೂಚನೆಯನ್ನು ಪಾಲಿಸಬೇಕು.

ಪಾಲಕರೇ, ವರದಿ ಕೈಗೆ ಬಂದಾಗ ಸಂಕೋಚಪಡದೆ ಕೇಳಿರಿ: ಗಡ್ಡೆಗೆ ಎಷ್ಟು ತಲುಪಿತು? ಪಕ್ಕದ ಅಂಗಗಳಿಗೆ ಎಷ್ಟು? ಕನ್ನಡದಲ್ಲಿ ವಿಜ್ಞಾನ ಕಲಿತ ನಿಮ್ಮ ಮಕ್ಕಳು ಉತ್ತರವನ್ನು ಮನೆಮಾತಿನಲ್ಲಿ ತಿಳಿಸಬಲ್ಲರು.