ಇಡಾಳ ಖ್ಯಾತಿ, ವಸ್ತಾನ್‌ನ ಚೂರುಮೂಳೆ

2009ರ ಮೇ 19ರಂದು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಪತ್ರಕರ್ತರು ಕಿಕ್ಕಿರಿದು ಸೇರಿದ್ದರು. ನಗರದ ಮೇಯರ್ ಕೂಡ ಬಂದಿದ್ದರು. ಅವರ ಮುಂದೆ ಇದ್ದದ್ದು ಬಾಲವೂ ಸೇರಿ 58 ಸೆಂಟಿಮೀಟರ್ ಉದ್ದದ, 4 ಕೋಟಿ 70 ಲಕ್ಷ ವರ್ಷ ಹಳೆಯ ಒಂದು ಹೆಣ್ಣು ಮರಿಯ ಪಳೆಯುಳಿಕೆ. ವಿಜ್ಞಾನಿಗಳು ಇಟ್ಟ ಹೆಸರು ಡಾರ್ವಿನಿಯಸ್ ಮಸಿಲ್ಲೆ, ಮುದ್ದಿನ ಹೆಸರು ಇಡಾ. ಮನುಷ್ಯನ ವಂಶವೃಕ್ಷದಲ್ಲಿ ಕಳಚಿಹೋಗಿದ್ದ ಕೊಂಡಿ ಸಿಕ್ಕಿತೆಂದು ಪ್ರಚಾರ ನಡೆಯಿತು. ಪುಸ್ತಕವೂ ಟಿವಿ ಸಾಕ್ಷ್ಯಚಿತ್ರವೂ ಅದಕ್ಕೆ ಮೊದಲೇ ಸಿದ್ಧವಾಗಿದ್ದವು.

ಇಡಾ ನಿಜಕ್ಕೂ ಅಪರೂಪದ ಪಳೆಯುಳಿಕೆ. ಅವಳು ಪ್ರೈಮೇಟ್, ಅಂದರೆ ಮಂಗ, ವಾನರ, ಲೀಮರ್, ಮನುಷ್ಯರೆಲ್ಲ ಸೇರಿದ ಸಸ್ತನಿಗಳ ಗುಂಪಿನವಳು. ಈ ಗುಂಪಿನ ಆದಿಕಾಲದ ಸದಸ್ಯರು ಸಾಮಾನ್ಯವಾಗಿ ಒಂದು ಹಲ್ಲು, ಅರ್ಧ ದವಡೆಯ ರೂಪದಲ್ಲಷ್ಟೇ ಸಿಗುತ್ತಾರೆ. ಇಡಾಳ ದೇಹದಲ್ಲಾದರೋ ಶೇ 95ರಷ್ಟು ಉಳಿದಿದೆ. ಮೈರೋಮದ ಅಂಚು ಕಾಣುತ್ತದೆ. ಕೊನೆಯ ಊಟದ ಹಣ್ಣು, ಎಲೆಗಳ ಗುರುತು ಹೊಟ್ಟೆಯಲ್ಲಿದೆ. ಎಕ್ಸ್‌ರೇ ತೆಗೆದಾಗ ಹಾಲುಹಲ್ಲಿನ ಕೆಳಗೆ ಹೊಸ ಹಲ್ಲು ಮೂಡುತ್ತಿದ್ದುದು ಗೊತ್ತಾಯಿತು. ಮಣಿಕಟ್ಟಿನಲ್ಲಿ ಮುರಿದು ಕೂಡಿಕೊಂಡ ಗಾಯವಿತ್ತು.

ಇಷ್ಟೆಲ್ಲ ಉಳಿಸಿಕೊಟ್ಟದ್ದು ಜರ್ಮನಿಯ ಮೆಸೆಲ್ ಗುಂಡಿ. ಜ್ವಾಲಾಮುಖಿಯ ಬಾಯಿಯಲ್ಲಿ ತುಂಬಿಕೊಂಡಿದ್ದ ಆಳವಾದ ಕೆರೆ ಅದು. ತಳದ ಕೆಸರಿನಲ್ಲಿ ಆಮ್ಲಜನಕವಿಲ್ಲದ್ದರಿಂದ ಮುಳುಗಿದ ದೇಹಗಳು ಕೊಳೆಯದೆ ಉಳಿದವು. ಅಲ್ಲಿ ಎಣ್ಣೆಶಿಲೆಯ ಗಣಿಗಾರಿಕೆ ನಿಂತ ಮೇಲೆ ಕಸ ಸುರಿಯಲು ಆ ಗುಂಡಿಯನ್ನು ಬಳಸುವ ಯೋಜನೆಯಿತ್ತು. ಜನ ವಿರೋಧಿಸಿ ಉಳಿಸಿಕೊಂಡರು. 1995ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಇಡಾ ಸಿಕ್ಕಿದ್ದು 1983ರಲ್ಲಿ, ಒಬ್ಬ ಖಾಸಗಿ ಸಂಗ್ರಾಹಕರಿಗೆ. ಕಲ್ಲು ಎರಡು ಹಲಗೆಯಾಗಿ ಸೀಳಿತ್ತು, ಎರಡೂ ಬೇರೆ ಬೇರೆ ಕಡೆಗೆ ಹೋದವು. ದೊಡ್ಡ ಹಲಗೆಯನ್ನು ಓಸ್ಲೊ ವಿಶ್ವವಿದ್ಯಾಲಯಕ್ಕಾಗಿ ಯಾರ್ನ್ ಹುರುಮ್ ಕೊಂಡುಕೊಳ್ಳುವ ಹೊತ್ತಿಗೆ ಎರಡು ದಶಕಗಳೇ ಕಳೆದಿದ್ದವು.

ಆದರೆ ಪೂರ್ಣ ಅಸ್ಥಿಪಂಜರ ಸಿಕ್ಕಮಾತ್ರಕ್ಕೆ ವಂಶಾವಳಿ ತಿಳಿದುಬಿಡುವುದಿಲ್ಲ. ಪ್ರೈಮೇಟ್‌ಗಳಲ್ಲಿ ಎರಡು ದೊಡ್ಡ ಕವಲುಗಳಿವೆ. ಒದ್ದೆ ಮೂಗಿನ ಲೀಮರ್, ಲೋರಿಸ್‌ಗಳದ್ದು ಒಂದು. ಒಣ ಮೂಗಿನ ಟಾರ್ಸಿಯರ್, ಮಂಗ, ಮನುಷ್ಯರದ್ದು ಇನ್ನೊಂದು. ನಮ್ಮ ತುಮಕೂರು ಸೀಮೆಯ ಕುರುಚಲು ಕಾಡುಗಳಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ರಾತ್ರಿ ಹೊತ್ತು ಓಡಾಡುವ ಕಾಡುಪಾಪ ಒದ್ದೆ ಮೂಗಿನ ಕವಲಿಗೆ ಸೇರಿದ್ದು. ಅದರ ಕೆಳದವಡೆಯ ಮುಂದಿನ ಹಲ್ಲುಗಳು ಸಾಲಾಗಿ ಮುಂದಕ್ಕೆ ಚಾಚಿ ಬಾಚಣಿಗೆಯಾಗಿವೆ. ಕಾಲಿನ ಎರಡನೇ ಬೆರಳಿನಲ್ಲಿ ಮೈ ಕೆರೆದುಕೊಳ್ಳುವ ಉಗುರಿದೆ. ಇಡಾಳಲ್ಲಿ ಇವೆರಡೂ ಕಾಣಲಿಲ್ಲ. ಹಾಗಾಗಿ ಅವಳು ನಮ್ಮ ಕವಲಿನವಳೆಂದು ಹುರುಮ್ ತಂಡ ವಾದಿಸಿತು.

ಮೂಗು ಪಳೆಯುಳಿಕೆಯಾಗಿ ಉಳಿಯುವುದಿಲ್ಲ. ಆದ್ದರಿಂದ ತಜ್ಞರು ಹಲ್ಲನ್ನೂ ಪಾದದ ಕೀಲನ್ನೂ ನೋಡುತ್ತಾರೆ. ಕೀಲಿನ ಮೇಲ್ಭಾಗದ ಮೂಳೆಯ ಹೊರಮೈ ಒದ್ದೆ ಮೂಗಿನವುಗಳಲ್ಲಿ ಹೊರಕ್ಕೆ ಇಳಿಜಾರಾಗಿರುತ್ತದೆ, ಮಂಗ ಮತ್ತು ಮನುಷ್ಯರಲ್ಲಿ ನೆಟ್ಟಗಿರುತ್ತದೆ. ಇಡಾಳದ್ದು ನೆಟ್ಟಗಿದೆಯೆಂಬುದೂ ವಾದದ ಭಾಗವಾಗಿತ್ತು. ಆದರೆ ಅವಳ ಅಸ್ಥಿಪಂಜರ ಕಲ್ಲಿನೊಳಗೆ ಚಪ್ಪಟೆಯಾಗಿತ್ತು. 2009ರ ಅಕ್ಟೋಬರಿನಲ್ಲಿ ಎರಿಕ್ ಸೀಫರ್ಟ್ ತಂಡ ಈಜಿಪ್ಟಿನ 3 ಕೋಟಿ 70 ಲಕ್ಷ ವರ್ಷ ಹಳೆಯ ಆಫ್ರಾಡೇಪಿಸ್ ಎಂಬ ಪ್ರಾಣಿಯನ್ನು ವಿವರಿಸಿತು. ಜೊತೆಗೆ 117 ಪ್ರೈಮೇಟ್‌ಗಳ 360 ಲಕ್ಷಣಗಳನ್ನು ಹೋಲಿಸಿ, ಇಡಾಳನ್ನು ಲೀಮರ್, ಲೋರಿಸ್‌ಗಳ ಕಡೆಯ ಕವಲಿನಲ್ಲಿಟ್ಟಿತು. ಇಂದು ಬಹುಪಾಲು ತಜ್ಞರು ಒಪ್ಪುವುದು ಇದನ್ನೇ. ಇಡಾಳ ಗುಂಪಿಗೆ ತಪ್ಪು ಗುರುತು ಅಂಟಿದ್ದು ಅದೇ ಮೊದಲಲ್ಲ. ಸುಮಾರು ಇನ್ನೂರು ವರ್ಷಗಳ ಹಿಂದೆ ಅದೇ ಗುಂಪಿನ ಅಡೇಪಿಸ್ ಪ್ಯಾರಿಸ್ಸಿನ ಜಿಪ್ಸಂ ಗಣಿಯಲ್ಲಿ ಸಿಕ್ಕಾಗ ಜಾರ್ಜ್ ಕುವಿಯೆ ಅದನ್ನು ಗೊರಸಿನ ಪ್ರಾಣಿಯೆಂದುಕೊಂಡಿದ್ದರು.

ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯ ಮೂಳೆಗಳಿಗೆ ಇಡಾಳ ಖ್ಯಾತಿಯ ನೂರನೇ ಒಂದು ಪಾಲೂ ಸಿಗಲಿಲ್ಲ. ಆದರೂ ಅವು ಇಡಾಳಿಗಿಂತ ಎಪ್ಪತ್ತು ಲಕ್ಷ ವರ್ಷಕ್ಕೂ ಹೆಚ್ಚು ಹಳೆಯವು, ಸುಮಾರು 5 ಕೋಟಿ 45 ಲಕ್ಷ ವರ್ಷದವು. ಗಢವಾಲ್ ವಿಶ್ವವಿದ್ಯಾಲಯದ ರಾಜೇಂದ್ರ ಸಿಂಗ್ ರಾಣಾ, ಪಂಜಾಬ್ ವಿಶ್ವವಿದ್ಯಾಲಯದ ಅಶೋಕ್ ಸಾಹ್ನಿ, ವಾಡಿಯಾ ಸಂಸ್ಥೆಯ ಕಿಶೋರ್ ಕುಮಾರ್, ಅಮೆರಿಕದ ಕೆನೆತ್ ರೋಸ್, ಬೆಲ್ಜಿಯಮ್ಮಿನ ಥಿಯೆರಿ ಸ್ಮಿತ್ ಮುಂತಾದವರು ಅಲ್ಲಿನ ಮಣ್ಣನ್ನು ನೀರಿನಲ್ಲಿ ತೊಳೆದು, ಜರಡಿ ಹಿಡಿದು ಹಲ್ಲು, ಮೂಳೆಗಳನ್ನು ಹೆಕ್ಕಿದರು. ಮಾರ್ಕ್‌ಗೋಡಿನೋಷಿಯಸ್, ಏಷಿಯಾಡೇಪಿಸ್ ಎಂಬ ಪುಟ್ಟ ಪ್ರೈಮೇಟ್‌ಗಳು ಈ ಗಣಿಯಿಂದ ಬೆಳಕಿಗೆ ಬಂದವು. 2008ರಲ್ಲಿ ಸುನಿಲ್ ಬಾಜಪೇಯಿ ತಂಡ ಇದೇ ಗಣಿಯ ಹಲ್ಲುಗಳ ಆಧಾರದಲ್ಲಿ ಆಂಥ್ರಾಸಿಮಿಯಸ್ ಎಂಬ ಆದಿಮಂಗವನ್ನು ಹೆಸರಿಸಿತು. ಅದು ಮಾರ್ಕ್‌ಗೋಡಿನೋಷಿಯಸ್ಸೇ ಎಂದು ಬೇರೆ ತಜ್ಞರು ತಕರಾರೆತ್ತಿದರು. ಹಲ್ಲನ್ನಷ್ಟೇ ನಂಬಿದರೆ ಇಂಥ ಜಗಳ ಬೇಗ ಬಗೆಹರಿಯದು.

2016ರಲ್ಲಿ ಪ್ರಕಟವಾದ 25 ಮೂಳೆಗಳ ಅಧ್ಯಯನ ಈ ಕಾರಣಕ್ಕೇ ಮುಖ್ಯ. ತೋಳು, ಕಾಲು, ಪಾದದ ಕೀಲು, ಬೆರಳುಗಳ ಮೂಳೆಗಳವು. ಯಾವ ಕವಲಿನ ಕಡೆಗೂ ಸ್ಪಷ್ಟವಾಗಿ ವಾಲದೆ, ಎರಡೂ ಕವಲೊಡೆಯುವ ಹಂತದ ಪ್ರಾಣಿಗಳ ಕೈಕಾಲು ಹೇಗಿದ್ದಿರಬಹುದೆಂದು ತೋರಿಸುವಷ್ಟು ಅವು ಹಳೆಯ ಮಾದರಿಯವು. ನ್ಯೂಯಾರ್ಕಿನ ಸಂಭ್ರಮದಲ್ಲಿ ಜನ ಹುಡುಕಿದ ಪ್ರಶ್ನೆಗೆ ಹೆಚ್ಚು ಹತ್ತಿರದ ಉತ್ತರ ಕೊಟ್ಟದ್ದು ಈ ಮೂಳೆಗಳೇ. ಅವು ಸಿಕ್ಕಿದ್ದು ನಮ್ಮ ದೇಶದ ಗಣಿಯಲ್ಲಿ, ಅವನ್ನು ಓದಿದವರಲ್ಲಿ ನಮ್ಮವರಿದ್ದಾರೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿರಬೇಕಾದ ಸಂಗತಿ.

ಈ ಪ್ರಾಣಿಗಳು ಅಲ್ಲಿಗೆ ಬಂದದ್ದೆಲ್ಲಿಂದ? ಆಗ ಭಾರತ ಆಫ್ರಿಕಾದಿಂದ ಬೇರ್ಪಟ್ಟು ಉತ್ತರಕ್ಕೆ ಸರಿಯುತ್ತಿದ್ದ ಭೂಖಂಡ, ಏಷ್ಯಾಕ್ಕೆ ಪೂರ್ತಿ ತಾಗಿರಲಿಲ್ಲ. ವಸ್ತಾನ್‌ನ ಹಲವು ಸಸ್ತನಿಗಳಾದರೋ ಯುರೋಪಿನವನ್ನು ಹೋಲುತ್ತವೆ. ದಖ್ಖನಿನ ಲಾವಾ ಪದರಗಳ ಕಾಲದ ಒಂದು ಸುಳಿವು ತೆಲಂಗಾಣದ ನಸ್ಕಲ್‌ನಲ್ಲಿ ಸಿಕ್ಕಿದೆ: ಡೆಕ್ಕನೋಲೆಸ್ಟಿಸ್ ಎಂಬ ಸಣ್ಣ ಸಸ್ತನಿ. ಅದನ್ನು 1988ರಲ್ಲಿ ಜಿ.ವಿ.ಆರ್. ಪ್ರಸಾದ್ ಮತ್ತು ಸಾಹ್ನಿ ವಿವರಿಸಿದರು, ಅದರ ಪಾದದ ಕೀಲು ಮರವಾಸಿಯದ್ದೆಂದು ಆಮೇಲೆ ತಿಳಿಯಿತು. ಪ್ರೈಮೇಟ್‌ಗಳ ಸಂಬಂಧಿಯೇ ಇರಬಹುದೆಂಬ ಊಹೆಯೂ ಹುಟ್ಟಿತ್ತು, ಆದರೆ ಆಫ್ರಿಕಾ ಮತ್ತು ಯುರೋಪಿನ ಬೇರೊಂದು ಸಣ್ಣ ಸಸ್ತನಿ ಗುಂಪಿಗೆ ಅದು ಸೇರುತ್ತದೆಂದು 2010ರ ಅಧ್ಯಯನ ತೋರಿಸಿತು. ನಸ್ಕಲ್‌ಗೂ ವಸ್ತಾನ್‌ಗೂ ನಡುವಿನ ಸುಮಾರು ಒಂದು ಕೋಟಿ ವರ್ಷಗಳಿಗೆ ಸೇರಿದ ಸಸ್ತನಿ ಪಳೆಯುಳಿಕೆ ಭಾರತದಲ್ಲಿ ತೀರಾ ವಿರಳ. ಆ ಕಾಲದ ಪದರಗಳನ್ನು ಹುಡುಕಿ ಜರಡಿ ಹಿಡಿಯುವ ಕೆಲಸ ಇನ್ನೂ ಬಾಕಿ ಇದೆ.