ಎಂಟು ಸೆಕೆಂಡಿನಲ್ಲಿ ಹುಟ್ಟುವ ‘ದೆವ್ವ’

ಕುರ್ಚಿಯ ಮೇಲೆ ಒಬ್ಬ ಹುಡುಗ ಕೂತಿದ್ದಾನೆ. ಆದರೆ ಅವನ ಎದೆಯೊಳಗಿಂದ ಕುರ್ಚಿಯ ಬೆನ್ನು ಕಾಣುತ್ತಿದೆ! ಇಂಥದ್ದೊಂದು ಫೋಟೋ ನಿಮ್ಮ ಮನೆಯ ಫೋನಿಗೆ ಬಂದರೆ ಏನಂತೀರಿ? ‘ದೆವ್ವ’ ಅಂತ ಹೆದರುವವರಿದ್ದಾರೆ. ‘ಕಂಪ್ಯೂಟರಲ್ಲಿ ಮಾಡಿದ್ದು ಬಿಡಪ್ಪಾ’ ಅನ್ನೋರೂ ಇದ್ದಾರೆ. ಎರಡೂ ಅಲ್ಲದೆ ಇರಬಹುದು. ಅದು ಬರೀ ಬೆಳಕಿನ ಲೆಕ್ಕ.

ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲಿಗೆ ಷಟರ್ ಎನ್ನುತ್ತಾರೆ. ಒಳ್ಳೆಯ ಬಿಸಿಲಿದ್ದರೆ ಅದು ಸೆಕೆಂಡಿನ ಐನೂರನೇ ಒಂದು ಭಾಗದಷ್ಟು ತೆರೆದರೂ ಸಾಕು. ಮಬ್ಬು ಬೆಳಕಿನಲ್ಲಿ 8 ಸೆಕೆಂಡು ತೆರೆದಿಟ್ಟರೆ, ಅಷ್ಟೂ ಹೊತ್ತು ಒಳಬಂದ ಬೆಳಕು ಒಂದೇ ಚಿತ್ರದಲ್ಲಿ ಕೂಡಿಕೊಳ್ಳುತ್ತದೆ. ಹುಡುಗ 4 ಸೆಕೆಂಡು ಕೂತು ಎದ್ದುಹೋದ ಅನ್ನಿ. ಆ ಜಾಗದಲ್ಲಿ ಅರ್ಧ ಹೊತ್ತು ಅವನಿಂದ ಬಂದ ಬೆಳಕು, ಇನ್ನರ್ಧ ಹೊತ್ತು ಕುರ್ಚಿಯಿಂದ ಬಂದ ಬೆಳಕು. ಎರಡೂ ಬೆರೆತವು, ಹುಡುಗ ಗಾಜಿನಂತಾದ. ಒಂದೇ ಸೆಕೆಂಡು ಕೂತಿದ್ದರೆ ಅವನ ಪಾಲು ಎಂಟರಲ್ಲಿ ಒಂದು. ಆಗ ಕಂಡೂ ಕಾಣದಂತಿರುತ್ತಾನೆ.

ಫೋಟೋಗ್ರಫಿಯ ಮೊದಲ ದಿನಗಳಲ್ಲಿ ಎಲ್ಲ ಚಿತ್ರಗಳಿಗೂ ಹೀಗೆ ಹೊತ್ತು ಹಿಡಿಯುತ್ತಿತ್ತು. 1838ರಲ್ಲಿ ಡಗೇರ್ ಎಂಬಾತ ಪ್ಯಾರಿಸ್ಸಿನ ಗಿಜಿಗುಡುವ ಬೀದಿಯೊಂದನ್ನು ಚಿತ್ರಿಸಿದ. ಬಂಡಿಗಳು, ನಡೆಯುವ ಜನ ಯಾರೂ ಅದರಲ್ಲಿಲ್ಲ! ಬೂಟು ಪಾಲಿಷ್ ಮಾಡಿಸಿಕೊಳ್ಳಲು ನಿಂತಂತೆ ಕಾಣುವ ಒಬ್ಬನ ಆಕಾರ ಉಳಿಯಿತು. ಚಲಿಸುವ ಜನ ಮಾಯವಾದರೂ ಕಲ್ಲು ಮಾಯವಾಗುವುದಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ನಮ್ಮ ಹಂಪಿಯನ್ನು ಚಿತ್ರಿಸಿದ. ಆ ಕಾಗದಕ್ಕೆ ಬೆಳಕು ಹೆಚ್ಚು ಹೊತ್ತು ಬೇಕು. ಅಲುಗಾಡದ ದೇವಸ್ಥಾನಗಳು ಅದಕ್ಕೆ ಚೆನ್ನಾಗಿ ಒದಗಿದವು. ಮನುಷ್ಯರ ಮುಖ ತೆಗೆಯುವಾಗಲೋ, ತಲೆ ಅಲುಗದಿರಲೆಂದು ಕತ್ತಿನ ಹಿಂದೆ ಕಬ್ಬಿಣದ ಆಧಾರ ನಿಲ್ಲಿಸುತ್ತಿದ್ದರು.

ಅದೇ 1856ರಲ್ಲಿ, ಕೆಲಿಡೋಸ್ಕೋಪ್ ಕಂಡುಹಿಡಿದ ಡೇವಿಡ್ ಬ್ರೂಸ್ಟರ್, ನಡುವೆ ಎದ್ದುಹೋದವರು ಫೋಟೋದಲ್ಲಿ ದೆವ್ವದಂತೆ ಮೂಡುತ್ತಾರೆ ಎಂದು ಪುಸ್ತಕದಲ್ಲೇ ಬರೆದಿಟ್ಟ. ಗುಟ್ಟು ಹೀಗೆ ಬಯಲಾಗಿದ್ದರೂ ಜನ ಮೋಸಹೋದರು. ಅಮೆರಿಕದ ವಿಲಿಯಂ ಮಮ್ಲರ್ ಸತ್ತವರ ಆತ್ಮವನ್ನು ಫೋಟೋದಲ್ಲಿ ತೋರಿಸುತ್ತೇನೆಂದು ದುಡ್ಡು ಪಡೆಯುತ್ತಿದ್ದ. 1869ರಲ್ಲಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆದರೂ ಸಾಕ್ಷ್ಯ ಸಾಲದೆ ಬಿಡುಗಡೆಯಾದ. ಮಗುವನ್ನೋ ಗಂಡನನ್ನೋ ಕಳೆದುಕೊಂಡವರು ಮಬ್ಬು ಆಕಾರದಲ್ಲಿ ತಮಗೆ ಬೇಕಾದ ಮುಖವನ್ನೇ ಕಂಡರು. ಅವರನ್ನು ದಡ್ಡರು ಅನ್ನಬೇಡಿ. ಮೋಡದಲ್ಲಿ, ಗೋಡೆಯ ಕಲೆಯಲ್ಲಿ ನಾವೂ ಮುಖ ಕಾಣುತ್ತೇವಲ್ಲವೇ? ಮುಖ ಹುಡುಕುವುದು ಮಿದುಳಿನ ಅಭ್ಯಾಸ. ಚಿತ್ರ ಅರ್ಧ ಹೇಳಿದರೆ ಉಳಿದರ್ಧವನ್ನು ಅದೇ ತುಂಬಿಕೊಳ್ಳುತ್ತದೆ.

ಹಾಗಂತ ಮಸುಕು ಎಂದರೆ ಬರೀ ಮೋಸವೂ ಅಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಎಂಬಾಕೆ ಜನರನ್ನು ಮಿನಿಷಗಟ್ಟಲೆ ಕೂರಿಸಿ ಮುಖಚಿತ್ರ ತೆಗೆದರು. 1867ರಲ್ಲಿ ವಿಜ್ಞಾನಿ ಜಾನ್ ಹರ್ಷೆಲ್ ಕೂಡ ಅವರ ಕ್ಯಾಮೆರಾ ಮುಂದೆ ಕೂತರು. ‘ಚಿತ್ರ ಸ್ಪಷ್ಟವಿಲ್ಲ’ ಎಂದು ಆಗಿನ ಫೋಟೋ ಪಂಡಿತರು ಟೀಕಿಸಿದರು. ಇಂದು ಅದೇ ಚಿತ್ರಗಳನ್ನು ಜನ ಮೆಚ್ಚಿ ನೋಡುತ್ತಾರೆ.

ನೀವೂ ಮಾಡಿ ನೋಡಿ. ಕೆಲವು ಫೋನ್‌ಗಳ ಕ್ಯಾಮೆರಾದಲ್ಲಿ ‘ಪ್ರೊ’ ಎಂಬ ವಿಭಾಗವಿರುತ್ತದೆ. ಮನೆಯವರ ಅಥವಾ ಮೇಷ್ಟ್ರ ಫೋನ್ ಕೇಳಿಕೊಂಡು, ಮಬ್ಬು ಬೆಳಕಿನ ಕೋಣೆಯಲ್ಲಿ ಪುಸ್ತಕಗಳ ಆಸರೆಯಲ್ಲಿ ಅಲುಗದಂತೆ ನಿಲ್ಲಿಸಿ. ಐಎಸ್‌ಒ 100, ಷಟರ್ 8 ಸೆಕೆಂಡು ಇಡಿ. ಚಿತ್ರ ತೀರಾ ಬೆಳ್ಳಗಾದರೆ ಬೆಳಕು ಇನ್ನೂ ತಗ್ಗಿಸಿ. ಮೂರು ಫೋಟೋ ತೆಗೆಯಿರಿ: ಗೆಳೆಯ ಅಲುಗದೆ ಕೂತದ್ದು, ನಿಧಾನವಾಗಿ ತಲೆ ತಿರುಗಿಸಿದ್ದು, ನಡುವೆ ಎದ್ದುಹೋದದ್ದು.

ಮುಖ್ಯ ಪ್ರಯೋಗ ಇನ್ನು ಮುಂದೆ. ಹೇಗೆ ತೆಗೆದಿರಿ ಎಂದು ಹೇಳದೆ ಬೇರೆ ತರಗತಿಯವರಿಗೆ ತೋರಿಸಿ. ‘ಏನು ಕಾಣುತ್ತದೆ?’ ಎಂದಷ್ಟೇ ಕೇಳಿ. ‘ದೆವ್ವ ಕಾಣುತ್ತಾ?’ ಅಂದರೆ ಉತ್ತರ ನೀವೇ ಹೇಳಿಕೊಟ್ಟಂತೆ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ ಚೀಟಿಯಲ್ಲಿ ಬರೆಸಿ. ಎಷ್ಟು ಜನ ಹೆದರಿದರು, ಎಷ್ಟು ಜನ ಎರಡು ಮುಖ ಕಂಡರು, ಎಷ್ಟು ಜನ ‘ಅಲುಗಾಡಿದ್ದಾನೆ’ ಅಂದರು, ಎಣಿಸಿ. ಆಮೇಲೆ ಗುಟ್ಟು ಹೇಳಿ, ಎಲ್ಲರ ಕೈಯಲ್ಲೂ ಅದೇ ಫೋಟೋ ತೆಗೆಸಿ.

ಮುಂದೆ ಯಾರಾದರೂ ದೆವ್ವದ ಫೋಟೋ ಕಳಿಸಿದರೆ ಮೂರು ಪ್ರಶ್ನೆ ಕೇಳಿ: ಷಟರ್ ಎಷ್ಟು ಹೊತ್ತು ತೆರೆದಿತ್ತು? ಯಾವುದು ಅಲುಗಿತು? ಯಾವುದು ಅಲುಗಲಿಲ್ಲ? ಉತ್ತರ ಸಿಗುವ ತನಕ ಅದನ್ನು ಇನ್ನೊಬ್ಬರಿಗೆ ಕಳಿಸಬೇಡಿ.