ಮಾಲಿನೊಳಗಿನ ಚೌಕ ಯಾರದು?

ಮಾಲ್ ಎಂದರೆ ಒಂದೇ ಸೂರಿನಡಿ ಹತ್ತಾರು ಅಂಗಡಿಗಳು ಎಂಬುದು ಸಾಮಾನ್ಯ ತಿಳಿವಳಿಕೆ. ಅದನ್ನು ರೂಪಿಸಿದಾತನ ಮನಸ್ಸಿನಲ್ಲಿದ್ದುದು ಮಾತ್ರ ಅಂಗಡಿಯಲ್ಲ, ಊರು.

ವಿಕ್ಟರ್ ಗ್ರುಯೆನ್ ವಿಯೆನ್ನಾದ ಯಹೂದಿ ವಾಸ್ತುಶಿಲ್ಪಿ. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡಾಗ ಅಮೆರಿಕಕ್ಕೆ ಪಾರಾಗಿ ಬಂದ. ಎರಡನೇ ಮಹಾಯುದ್ಧದ ಬಳಿಕ ಅಲ್ಲಿನ ಮಧ್ಯಮವರ್ಗ ಕಾರು ಕೊಂಡು ಊರಾಚೆಯ ಬಡಾವಣೆಗಳಿಗೆ ಹೊರಟಿತ್ತು. ಆ ಬಡಾವಣೆಗಳಲ್ಲಿ ಮನೆಗಳಿದ್ದವು, ಹೆದ್ದಾರಿಗಳಿದ್ದವು. ನಾಲ್ಕು ಜನ ಎದುರಾಗಿ ಕುಶಲ ವಿಚಾರಿಸುವ ಬೀದಿ ಇರಲಿಲ್ಲ. ವಿಯೆನ್ನಾದ ಚೌಕಗಳನ್ನೂ ಕಾಫಿಮನೆಗಳನ್ನೂ ಕಂಡು ಬೆಳೆದವನಿಗೆ ಈ ಕೊರತೆ ಕಾಡಿದ್ದು ಸಹಜವೇ. ಕಾರನ್ನು ಹೊರಗೆ ನಿಲ್ಲಿಸಿ ಜನ ನಡೆದಾಡುವಂಥ ಪೇಟೆಯನ್ನು ಕಟ್ಟಲು ಆತ ಮುಂದಾದ.

ಮಿನಿಯಾಪೊಲಿಸ್ ಬಳಿಯ ಎಡೈನಾದಲ್ಲಿ 1956ರ ಅಕ್ಟೋಬರ್‌ನಲ್ಲಿ ತೆರೆದ ಸೌತ್‌ಡೇಲ್ ಅದರ ಫಲ. ಚಳಿಗಾಲವಿಡೀ ಹಿಮ ಬೀಳುವ ಆ ನಾಡಿನಲ್ಲಿ ಇಡೀ ಪೇಟೆಗೇ ಮಾಡು ಹೊದಿಸಿ, ಒಳಗೆ ವರ್ಷಪೂರ್ತಿ ಒಂದೇ ಹದದ ಹವೆ ಇರುವಂತೆ ಮಾಡಲಾಯಿತು. ನಡುವಿನ ಅಂಗಳದಲ್ಲಿ ಗಿಡಮರ, ಆಸನಗಳು, ಎತ್ತರದ ಹಕ್ಕಿ ಪಂಜರ. ಗ್ರುಯೆನ್‌ನ ಯೋಜನೆಯಲ್ಲಿ ಇದರ ಸುತ್ತ ಮನೆಗಳು, ಶಾಲೆ, ಉದ್ಯಾನ, ಸರೋವರ ಎಲ್ಲವೂ ಇದ್ದವು. ಆ ಊರು ಮೇಲೇಳಲಿಲ್ಲ. ಲಾಭ ತರುವ ಭಾಗವನ್ನಷ್ಟೇ ಎತ್ತಿಕೊಂಡ ಬಂಡವಾಳಗಾರರು ದೇಶದುದ್ದಕ್ಕೂ ಅದರ ನಕಲು ಕಟ್ಟಿದರು. 1978ರಲ್ಲಿ ಲಂಡನ್ನಿನಲ್ಲಿ ಮಾತನಾಡುತ್ತ ಗ್ರುಯೆನ್ ಅವುಗಳ ಪಿತೃತ್ವವನ್ನೇ ನಿರಾಕರಿಸಿದ.

ಆದರೂ ಜನ ಬಂದರು. ಹುಡುಗರು ಹರಟೆಗೆ, ಮುದುಕರು ವಾಕಿಂಗ್‌ಗೆ, ಕೆಲವರು ರಾಜಕೀಯಕ್ಕೆ. ತೊಡಕು ಶುರುವಾದದ್ದು ಇಲ್ಲಿ. ಪೋರ್ಟ್‌ಲೆಂಡ್‌ನ ಲಾಯ್ಡ್ ಸೆಂಟರ್‌ನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಕರಪತ್ರ ಹಂಚಿದವರಿಗೆ ಹೊರಹೋಗುವಂತೆ ಕಾವಲುಗಾರರು ತಾಕೀತು ಮಾಡಿದರು. ಜನರನ್ನು ಬರಮಾಡಿಕೊಂಡ ಮಾತ್ರಕ್ಕೆ ಖಾಸಗಿ ಜಾಗ ಸಾರ್ವಜನಿಕವಾಗದೆಂದು 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ತೀರ್ಪಿತ್ತಿತು. ರಾಜ್ಯಗಳು ಬೇಕಿದ್ದರೆ ತಮ್ಮ ಸಂವಿಧಾನದ ಮೂಲಕ ಹೆಚ್ಚಿನ ಸ್ವಾತಂತ್ರ್ಯ ಕೊಡಬಹುದೆಂದು 1980ರಲ್ಲಿ ಕ್ಯಾಲಿಫೋರ್ನಿಯಾದ ಮೊಕದ್ದಮೆಯೊಂದರಲ್ಲಿ ಅದೇ ಕೋರ್ಟ್ ಹೇಳಿತು. ಹೀಗಾಗಿ ಅಲ್ಲಿ ಒಂದು ರಾಜ್ಯದ ಮಾಲಿನಲ್ಲಿ ಹಕ್ಕಾಗಿರುವುದು ಪಕ್ಕದ ರಾಜ್ಯದಲ್ಲಿ ಅತಿಕ್ರಮಣವಾಗಬಹುದು!

ಕರ್ನಾಟಕದಲ್ಲಿ ಈ ಪ್ರಶ್ನೆ ಎದ್ದದ್ದು ಉಡುಪಿನ ನೆಪದಲ್ಲಿ. 2024ರ ಜುಲೈನಲ್ಲಿ ಮಗನೊಡನೆ ಸಿನಿಮಾ ನೋಡಲು ಬೆಂಗಳೂರಿನ ಮಾಲೊಂದಕ್ಕೆ ಬಂದ ಹಿರಿಯ ರೈತರೊಬ್ಬರನ್ನು, ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಬಾಗಿಲಲ್ಲೇ ತಡೆಯಲಾಯಿತು. ಕರಪತ್ರ ಹಂಚುವ ಮಾತು ಹಾಗಿರಲಿ, ಟಿಕೆಟ್ ಕೊಂಡ ಗಿರಾಕಿಗೇ ಪ್ರವೇಶವಿರಲಿಲ್ಲ. ಪ್ರತಿಭಟನೆ ನಡೆಯಿತು, ವಿಧಾನಸಭೆಯಲ್ಲಿ ಚರ್ಚೆಯಾಯಿತು. ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರಕಾರ ಪ್ರಕಟಿಸಿತು. ಮಾಲಿನವರು ಆ ರೈತರ ಕ್ಷಮೆ ಕೇಳಿದರು.